ಗಾರೆ ನೆಲ ಬೇಡವೆಂದ ತಾಯಿ, ಬೇಕೆಂದ ಮಗಳು: ಮೈಸೂರಿನ ಒಂದು ಮನೆಯ ಪ್ರಕರಣ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ 40–60ರ ಸೈಟಿನಲ್ಲಿ 1974ರಲ್ಲಿ ಕಟ್ಟಿದ ಮನೆ ಅದು. ಮುಂದೆ ಜಗಲಿ, ಅದರ ಹಿಂದೆ ಉದ್ದನೆಯ ಹಜಾರ, ಒಂದು ಪಕ್ಕಕ್ಕೆ ಕೋಣೆಗಳು, ಇನ್ನೊಂದು ಪಕ್ಕಕ್ಕೆ ಅಡುಗೆಮನೆ ಮತ್ತು ದೇವರ ಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಇಡೀ ಮನೆಗೆ ಕೆಂಪು ಗಾರೆ ನೆಲ, ಗೋಡೆಯ ಅಂಚಿನುದ್ದಕ್ಕೂ ಕಪ್ಪು ಪಟ್ಟಿ. ಮನೆಯೊಡತಿ ನಿವೃತ್ತ ಶಿಕ್ಷಕಿ, ವಯಸ್ಸು ಎಪ್ಪತ್ತು ದಾಟಿದೆ; ಪತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಮಗಳು ಮತ್ತು ಅಳಿಯ ಮಗನನ್ನು ಕರೆದುಕೊಂಡು ಮೈಸೂರಿಗೇ ಬಂದು ನೆಲೆಸುವುದೆಂದು ತೀರ್ಮಾನವಾಯಿತು. ಅದಕ್ಕೆ ಮುನ್ನ ಮನೆಯನ್ನು ಸರಿಪಡಿಸಬೇಕಿತ್ತು. ಒಳಾಂಗಣ ವಿನ್ಯಾಸ ನನ್ನ ವೃತ್ತಿಯಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಹೆಸರು ಹೇಳದೆ ಬರೆಯಬಹುದೆಂದು ಮನೆಯವರೆಲ್ಲ ಒಪ್ಪಿದ್ದಾರೆ.

ಈ ಪ್ರಕರಣವನ್ನು ಆರಿಸಿಕೊಂಡಿದ್ದು ಅದರ ಜಗಳ ತಲೆಕೆಳಗಾಗಿತ್ತು ಎಂಬ ಕಾರಣಕ್ಕೆ. ಹಿರಿಯರು ಹಳೆಯದನ್ನು ಬಿಡುವುದಿಲ್ಲ, ಕಿರಿಯರು ಎಲ್ಲವನ್ನೂ ಕಿತ್ತು ಹೊಸದು ಮಾಡಿಸಬೇಕೆನ್ನುತ್ತಾರೆ ಎಂಬುದು ಇಂಥ ಮನೆಗಳಲ್ಲಿ ನಾವು ನಿರೀಕ್ಷಿಸುವ ಮಾತು. ಇಲ್ಲಿ ತಾಯಿ ಗಾರೆ ನೆಲವನ್ನು ಒಡೆಸಿ ಹೊಳೆಯುವ ಬಿಳಿ ಟೈಲ್ಸ್ ಹಾಕಿಸಿ ಎಂದರು. ಮಗಳು ಆ ನೆಲವನ್ನು ಯಾರೂ ಮುಟ್ಟಕೂಡದು ಎಂದಳು. ಯಾರದು ಸ್ವಂತ ಅಭಿರುಚಿ, ಯಾರದು ಎಲ್ಲೆಡೆ ಕಂಡು ಕಂಡು ಹತ್ತಿದ ಆಸೆ ಎಂಬುದನ್ನು ಬಿಡಿಸಿ ನೋಡದೆ ಅಲ್ಲಿ ಒಂದು ಮೊಳೆಯನ್ನೂ ಹೊಡೆಯುವಂತಿರಲಿಲ್ಲ.

ಮಗಳ ಮೊಬೈಲ್, ತಾಯಿಯ ಕ್ಯಾಲೆಂಡರ್ ಹಾಳೆ

ಮಗಳು ಮೊದಲ ಭೇಟಿಯಲ್ಲೇ ಮೊಬೈಲಿನಲ್ಲಿ ಕೂಡಿಟ್ಟ ಚಿತ್ರಗಳನ್ನು ತೋರಿಸಿದಳು. ಬಾಗಿಲ ಬಳಿ ನೀರು ತುಂಬಿದ ಹಿತ್ತಾಳೆ ಉರುಳಿ, ಅದರಲ್ಲಿ ತೇಲುವ ಹೂವು. ಜಗಲಿಗೆ ಆತಂಗುಡಿ ಟೈಲ್ಸ್. ಹಜಾರದ ನಡುವೆ ಕೆತ್ತನೆಯ ಎರಡು ಮರದ ಕಂಬ. ಗೋಡೆಯಲ್ಲಿ ಕಮಾನಿನಾಕಾರದ ಗೂಡುಗಳು, ಮಣ್ಣಿನ ಬಣ್ಣದ ಸುಣ್ಣದ ಗಿಲಾವು, ಬೆತ್ತದ ಕುರ್ಚಿ, ಹಿತ್ತಾಳೆ ಸರಪಳಿಯ ಉಯ್ಯಾಲೆ. ತಾಯಿಯವರು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ದುಂಡಗಿನ ಅಕ್ಷರದಲ್ಲಿ ಪಟ್ಟಿ ಬರೆದಿಟ್ಟಿದ್ದರು: ಬಿಳಿ ಟೈಲ್ಸ್, ಜೋರು ಬೆಳಕು, ಅಡುಗೆಮನೆಗೆ ಕೆಂಪು ಮಿರುಗಿನ ಕಪಾಟು, ಷೋಕೇಸಿಗೆ ಹೊಸ ಗಾಜು. ಅಳಿಯ ಟಿವಿಯ ಹಿಂದಿನ ಗೋಡೆಗೆ ಉದ್ದುದ್ದ ಗೆರೆಗಳ ಫ್ಲೂಟೆಡ್ ಪ್ಯಾನೆಲ್, ಅದರ ಸುತ್ತ ಎಲ್‌ಇಡಿ ಪಟ್ಟಿ ಇರಲಿ ಎಂದರು. ತಮಗೆ ನಿಜವಾಗಿ ಬೇಕಾದದ್ದು ಬಾಗಿಲು ಮುಚ್ಚಿಕೊಂಡು ಕಚೇರಿಯ ಕೆಲಸ ಮಾಡಲು ಒಂದು ಜಾಗ ಎಂದು ಕೊನೆಯಲ್ಲಿ ಸೇರಿಸಿದರು. ಅವರ ಬೇಡಿಕೆ ಸಣ್ಣ ಕೋಣೆಯಲ್ಲಿ ಸಲೀಸಾಗಿ ತೀರಿತು.

ಮಗಳ ಚಿತ್ರಗಳನ್ನೂ ತಾಯಿಯ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟರೆ ಬೇಗ ಬರುವ ತೀರ್ಪು ಒಂದಿದೆ. ಮಗಳದು ಪಳಗಿದ ರುಚಿ, ತಾಯಿಯದು ಟೈಲ್ಸ್ ಅಂಗಡಿಯ ಆಕರ್ಷಣೆ ಎಂದು. ನನ್ನ ವೃತ್ತಿಯಲ್ಲಿರುವ ಬಹುತೇಕರು ಹಾಗೆಯೇ ಹೇಳಿಯಾರು. ಈ ತೀರ್ಪು ತಪ್ಪು ಮಾತ್ರವಲ್ಲ, ಅನ್ಯಾಯವೂ ಹೌದು ಎಂಬುದು ನನ್ನ ಗಟ್ಟಿ ನಿಲುವು.

ಮಗಳ ಚಿತ್ರಗಳಲ್ಲಿದ್ದ ವಸ್ತುಗಳು ಒಂದೊಂದೂ ಚೆನ್ನ. ಆತಂಗುಡಿ ಟೈಲ್ಸ್ ತಮಿಳುನಾಡಿನ ಕಾರೈಕುಡಿಯ ಬಳಿಯ ಆತಂಗುಡಿ ಎಂಬ ಊರಿನವು. ಗಾಜಿನ ಹಲಗೆಯ ಮೇಲೆ ಬಣ್ಣದ ಸಿಮೆಂಟನ್ನು ಸುರಿದು ಕೈಯಿಂದಲೇ ಮಾಡುತ್ತಾರೆ. ಸುಡುವುದಿಲ್ಲ, ನೀರಿನಲ್ಲಿ ಹದಗೊಳಿಸುತ್ತಾರೆ. ಗಾಜಿನ ನುಣುಪು ಮೇಲ್ಮೈಗೆ ಬರುತ್ತದೆ, ಓಡಾಡಿದಷ್ಟೂ ಹೊಳಪು ಏರುತ್ತದೆ. ಕೆತ್ತನೆಯ ಕಂಬಗಳು ಕಾರೈಕುಡಿಯ ಸುತ್ತಲಿನ ಅದೇ ಸೀಮೆಯ, ಚೆಟ್ಟಿನಾಡಿನ, ದೊಡ್ಡ ಮನೆಗಳವು. ವ್ಯಾಪಾರಕ್ಕಾಗಿ ಬರ್ಮಾದವರೆಗೆ ಹೋಗಿ ಬಂದ ನಾಟ್ಟುಕೋಟ್ಟೈ ಚೆಟ್ಟಿಯಾರರು ಅಲ್ಲಿಯ ತೇಗವನ್ನು ತರಿಸಿ ನಿಲ್ಲಿಸಿದವು. ಆ ಮನೆಗಳಲ್ಲಿ ಎಷ್ಟೋ ಒಡೆದುಹೋಗಿ, ಕಂಬ, ಬಾಗಿಲು, ಚೌಕಟ್ಟುಗಳು ಕಾರೈಕುಡಿಯ ಹಳೆಯ ಸಾಮಾನಿನ ಅಂಗಡಿಗಳಿಗೆ ಬಂದವು. ಈಗ ಅವು ಬೆಂಗಳೂರಿನ ಫ್ಲ್ಯಾಟು, ಕೊಡಗಿನ ರೆಸಾರ್ಟು, ಕೊಚ್ಚಿಯ ಹೋಟೆಲು ಎಲ್ಲೆಡೆಯೂ ಒಂದೇ ಭಂಗಿಯಲ್ಲಿ ನಿಂತಿವೆ. ಉರುಳಿಯೂ ಹಾಗೆಯೇ. ಕೇರಳದ ಅಡುಗೆಮನೆಯಲ್ಲಿ ಪಾಯಸ ಕುದಿಯುವ ಪಾತ್ರೆ ಇಡೀ ದಕ್ಷಿಣ ಭಾರತದ ಬಾಗಿಲುಗಳ ಬಳಿ ಬಂದು ಕೂತಿದೆ.

ಮೈಸೂರಿನ 1974ರ ಆರ್‌ಸಿಸಿ ಮನೆಗೆ ಇದರಲ್ಲಿ ಯಾವುದೂ ಬಂಧುವಲ್ಲ. ತಾರಸಿಯನ್ನು ಗೋಡೆಗಳೇ ಹೊತ್ತಿವೆ. ಕಂಬ ಹೊರುವ ಭಾರ ಅಲ್ಲಿಲ್ಲ. ಆ ಮನೆಗೆ ತನ್ನದೇ ಲಕ್ಷಣಗಳಿದ್ದವು. ತೇಗದ ಕಿಟಕಿಗೆ ಹೂವಿನ ಚಿತ್ತಾರದ ಮಬ್ಬು ಗಾಜು, ಜಗಲಿಯಲ್ಲಿ ಸಿಮೆಂಟಿನ ಜಾಲಿ, ಸೂರ್ಯನ ಕಿರಣದಂತೆ ಬಾಗಿಸಿದ ಕಬ್ಬಿಣದ ಗ್ರಿಲ್, ಅಡುಗೆಮನೆಯ ಗೋಡೆಯಲ್ಲಿ ಕಡಪ ಕಲ್ಲಿನ ಹಲಗೆಗಳು. ಮಗಳ ಚಿತ್ರಗಳಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಹಳೆಯದು ಬೇಕೆನ್ನುತ್ತಿದ್ದವಳ ಕಣ್ಣಿಗೆ ತನ್ನ ಮನೆಯ ಹಳೆಯದು ಬಿದ್ದಿರಲಿಲ್ಲ. ಇನ್ನೆಲ್ಲಿಯದೋ ಹಳೆಯದರ ಫೋಟೋ ಅವಳಿಗೆ ಮಾದರಿಯಾಗಿತ್ತು.

ಹಾಗೆಂದು ಅವಳ ಇಷ್ಟ ಸುಳ್ಳಾಗಿತ್ತು ಎನ್ನಲಾರೆ. ಮತ್ತೆ ಮತ್ತೆ ಕಂಡದ್ದರ ಮೇಲೆ ಮನಸ್ಸಿಗೆ ಒಲವು ಹುಟ್ಟುತ್ತದೆ ಎಂಬುದನ್ನು ಮನೋವಿಜ್ಞಾನಿ ರಾಬರ್ಟ್ ಜಾಯಾನ್ಸ್ 1968ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಪಿಂಟರೆಸ್ಟ್, ಇನ್‌ಸ್ಟಾಗ್ರಾಂ ಎರಡೂ 2010ರಲ್ಲಿ ಬಂದವು. ಒಂದು ಉರುಳಿಯ ಚಿತ್ರವನ್ನು ಮೆಚ್ಚಿದರೆ ಅವು ಮರುದಿನ ಇನ್ನಷ್ಟು ಉರುಳಿಗಳನ್ನು ತಂದು ಮುಂದಿಡುತ್ತವೆ. ಒಲವು ನಿಜವಾದದ್ದೇ, ಆದರೆ ಅದು ಬೆಳೆದದ್ದು ಪರದೆಯ ಮೇಲೆ. ಆ ಒಲವಿನ ಕೆಳಗೆ ಅವಳದೇ ಆದದ್ದು ಏನಿದೆ ಎಂದು ಕೆದಕಿ ನೋಡುವುದು ನನ್ನ ಕೆಲಸವಾಗಿತ್ತು.

ತಾಯಿಯವರ ಪಟ್ಟಿಯಲ್ಲೂ ಎರಡು ಬಗೆ ಬೆರೆತಿದ್ದವು. ಬಿಳಿ ಹೊಳಪಿನ ಟೈಲ್ಸನ್ನು ಅವರು ಕಂಡದ್ದು ತಂಗಿಯ ಮನೆಯಲ್ಲಿ, ಆ ಬೀದಿಯ ಹೊಸ ಮನೆಗಳಲ್ಲಿ. ಅದೂ ಫ್ಯಾಷನ್ನೇ, ಹದಿನೈದು ವರ್ಷ ಹಿಂದಿನದು ಅಷ್ಟೆ. ಆದರೆ ನೆಲದ ಬಗ್ಗೆ ಅವರು ಮಗಳಿಗೆ ಹೇಳಿದ ಮಾತು ನನ್ನನ್ನು ತಡೆದು ನಿಲ್ಲಿಸಿತು: “ನಿನಗೆ ಈ ನೆಲ ನೋಡುವುದಕ್ಕೆ ಬೇಕು ಕಣಮ್ಮ. ಐವತ್ತು ವರ್ಷ ಇದನ್ನು ಒರೆಸಿದವಳು ನಾನು.” ಗಾರೆ ನೆಲದ ಹೊಳಪು ತಾನಾಗಿ ಉಳಿಯುವುದಿಲ್ಲ. ಕೊಬ್ಬರಿ ಎಣ್ಣೆಯನ್ನೋ ಮೇಣವನ್ನೋ ಹಚ್ಚಿ, ಬಟ್ಟೆಯಿಂದ ಉಜ್ಜಿ, ಮೊಣಕಾಲೂರಿ ದುಡಿದವರಿದ್ದಾರೆ. ಚಿತ್ರದಲ್ಲಿ ಆ ಮೊಣಕಾಲು ಕಾಣುವುದಿಲ್ಲ.

ನೆಲ ತೋರಿಸಿದ ದಾರಿ

ಚಿತ್ರಗಳನ್ನೂ ಪಟ್ಟಿಯನ್ನೂ ಪಕ್ಕಕ್ಕಿಟ್ಟು ನಾನು ನೆಲವನ್ನೇ ನೋಡಿದೆ. ಗಾರೆ ನೆಲಕ್ಕೆ ಒಂದು ಗುಣವಿದೆ: ಕಾಲು ಬಿದ್ದ ಕಡೆ ಒಂದು ಬಣ್ಣ, ಬೀಳದ ಕಡೆ ಇನ್ನೊಂದು. ಬೆಳಗಿನ ಓರೆ ಬೆಳಕಿನಲ್ಲಿ ಕೂತು ನೋಡಿದರೆ ಮನೆಯವರ ಓಡಾಟವೆಲ್ಲ ಅಲ್ಲಿ ಬರೆದಿತ್ತು. ಅಡುಗೆಮನೆಯಿಂದ ದೇವರ ಮನೆಗೆ ಒಂದು ಸವೆದ ಜಾಡು. ಪೂರ್ವದ ಕಿಟಕಿಯ ಕೆಳಗೆ, ತಾಯಿಯವರು ಪತ್ರಿಕೆ ಓದುವ, ಸೊಪ್ಪು ಸೋಸುವ ಕುರ್ಚಿಯ ಮುಂದೆ, ಕಾಲೂರುವ ಎರಡು ನುಣುಪಾದ ಗುರುತು. ಜಗಲಿಯ ಕಟ್ಟೆಯ ಒಂದು ಮೂಲೆ ಕನ್ನಡಿಯಂತಾಗಿತ್ತು. ಸೋಫಾ, ಟೀಪಾಯಿ ಇಟ್ಟಿದ್ದ ಹಜಾರದ ನಡುಭಾಗದಲ್ಲಿ ಮಾತ್ರ ನೆಲ ಸ್ವಲ್ಪವೂ ಸವೆದಿರಲಿಲ್ಲ. ಅತಿಥಿಗಳಿಗೆಂದು ಮೀಸಲಾಗಿದ್ದ ಆ ಜಾಗಕ್ಕೇ ಮಗಳ ಕಂಬಗಳೂ ಅಳಿಯನ ಪ್ಯಾನೆಲ್ಲೂ ಬರುವುದರಲ್ಲಿದ್ದವು. ಎಲ್ಲಕ್ಕಿಂತ ಹೆಚ್ಚು ಹಣ ಎಲ್ಲಕ್ಕಿಂತ ಕಡಿಮೆ ಬಳಕೆಯ ಕಡೆಗೆ ಹರಿಯುತ್ತಿತ್ತು. ಇದು ಈ ಮನೆಯೊಂದರ ಕಥೆಯಲ್ಲ. ನಾನು ಕಂಡ ಬಹುಪಾಲು ಮನೆಗಳಲ್ಲಿ ಹೀಗೆಯೇ.

ಕಟ್ಟೆಯ ಮೂಲೆ ಯಾರದು ಎಂದು ಕೇಳಿದೆ. ಮಗಳದು. ಎಸ್‌ಎಸ್‌ಎಲ್‌ಸಿಯಿಂದ ಇಂಜಿನಿಯರಿಂಗ್ ಮುಗಿಯುವವರೆಗೆ ಅವಳು ಓದಿದ್ದು ಅಲ್ಲಿ, ಜಾಲಿಯ ನೆರಳಿನಲ್ಲಿ, ಗೋಡೆಗೊರಗಿ. ಅದನ್ನು ಹೇಳುವಾಗ ಅವಳ ದನಿಯೇ ಬೇರೆಯಾಯಿತು. ಈ ಮೂಲೆಯ ಒಂದು ಫೋಟೋವೂ ಅವಳ ಸಂಗ್ರಹದಲ್ಲಿರಲಿಲ್ಲ. ನೆಲ ಉಳಿಯಬೇಕೆಂಬ ಅವಳ ಹಟದ ಬೇರು ಎಲ್ಲಿದೆ ಎಂಬುದು ನನಗೂ ಅವಳಿಗೂ ಒಟ್ಟಿಗೆ ತಿಳಿಯಿತು.

ತಾಯಿಯವರ ಬೇರು ಷೋಕೇಸಿನಲ್ಲಿತ್ತು. ಹಜಾರದ ಉದ್ದ ಗೋಡೆಗೆ ತೇಗದ ಚೌಕಟ್ಟು, ಜಾರುವ ಗಾಜಿನ ಬಾಗಿಲು. ಒಳಗೆ ಚನ್ನಪಟ್ಟಣದ ಬೊಂಬೆಗಳು, ಆಗ್ರಾದ ಪ್ರವಾಸದಿಂದ ತಂದ ಕಲ್ಲಿನ ತಾಜ್‌ಮಹಲ್, ರಾಮೇಶ್ವರದ ಶಂಖಗಳು, ಶಾಲೆಯ ಮಕ್ಕಳು ಕೊಟ್ಟ ಪ್ಲಾಸ್ಟಿಕ್ ಹೂಗುಚ್ಛ, ಮಗಳು ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್. ಮಗಳಿಗೆ ಅದನ್ನು ಕಂಡರೆ ಮುಜುಗರ; ಕಿತ್ತು ಹಾಕುವ ವಸ್ತುಗಳಲ್ಲಿ ಮೊದಲನೆಯದೆಂದು ಅದನ್ನೇ ಗುರುತಿಸಿದ್ದಳು. ಇಡೀ ಮನೆಯಲ್ಲಿ ಬೇರೆ ಯಾರ ಮನೆಯಲ್ಲೂ ಸಿಗದ ವಸ್ತು ಇದೊಂದೇ ಎಂದು ನಾನು ಅವಳಿಗೆ ಹೇಳಿದೆ. ಆತಂಗುಡಿ ಟೈಲ್ಸ್ ದುಡ್ಡಿಗೆ ಸಿಗುತ್ತದೆ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಆ ಬೊಂಬೆಗಳಲ್ಲಿ ಒಂದರ ತಲೆಯ ಬಣ್ಣ ಅವಳೇ ಹಲ್ಲು ಮೂಡುವಾಗ ಕಚ್ಚಿ ತೆಗೆದದ್ದು. ಅದು ಯಾವ ಅಂಗಡಿಯಲ್ಲಿ ಸಿಕ್ಕೀತು?

ಇದರ ಜೊತೆಗೆ ದಸರೆಯ ಬೊಂಬೆ. ಮೈಸೂರಿನ ಅನೇಕ ಮನೆಗಳಂತೆ ಇಲ್ಲಿಯೂ ನವರಾತ್ರಿಯಲ್ಲಿ ಬೊಂಬೆ ಕೂರಿಸುತ್ತಾರೆ. ಪಟ್ಟದ ಬೊಂಬೆ ಮೇಲಿನ ಸಾಲಿನಲ್ಲಿ, ಅದರ ಕೆಳಗೆ ದೇವರು, ಅರಮನೆ, ಮೆರವಣಿಗೆ, ಶೆಟ್ಟಿ ಅಂಗಡಿ. ಏಳು ಮೆಟ್ಟಿಲುಗಳ ಹಲಗೆಗಳು ಅಟ್ಟದ ಮೇಲಿದ್ದವು. ಅವನ್ನು ಜೋಡಿಸಲು ಎಂಟು ಅಡಿ ಅಗಲದ ಬರಿ ಗೋಡೆ ಬೇಕು, ಅದರ ಮುಂದೆ ಆರತಿಗೆ ಬಂದವರು ಕೂರಲು ಜಾಗ ಬೇಕು. ಮೊದಲು ಮಾತಾಡಿಕೊಂಡಿದ್ದ ನಕ್ಷೆಯಲ್ಲಿ ಆ ಗೋಡೆಯನ್ನು ಟಿವಿಯ ಪ್ಯಾನೆಲ್ ನುಂಗಿತ್ತು. ಬೊಂಬೆ ಎಲ್ಲಿ ಕೂರಿಸುತ್ತೀರಿ ಎಂದು ನಾನು ಕೇಳುವವರೆಗೆ ಮೂವರಿಗೂ ಅದು ಹೊಳೆದಿರಲಿಲ್ಲ. ಮೊಬೈಲಿನ ಯಾವ ಚಿತ್ರದಲ್ಲೂ ಬೊಂಬೆಯ ಮೆಟ್ಟಿಲು ಇಲ್ಲವಲ್ಲ.

ಏನು ಉಳಿಯಿತು, ಏನು ಹೋಯಿತು

ನೆಲದ ವಿಚಾರವನ್ನು ಮೊದಲು ಮೇಸ್ತ್ರಿಯ ಕಣ್ಣಿನಿಂದ ನೋಡಬೇಕಾಯಿತು. ಗಾರೆ ನೆಲಕ್ಕೆ ಬೆಸುಗೆಯಿಲ್ಲ. ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಬೆರೆಸಿ, ಕೆಳಗಿನ ಪದರ ಹಸಿಯಾಗಿರುವಾಗಲೇ ಎಳೆದು, ಕರಣೆಯಿಂದ ಒತ್ತಿ ಒತ್ತಿ ನುಣುಪು ತರಬೇಕು. ಒಂದು ಕೋಣೆಯನ್ನು ಒಂದೇ ಬಾರಿಗೆ ಮುಗಿಸಬೇಕು. ಅರ್ಧಕ್ಕೆ ಬಿಟ್ಟು ಮರುದಿನ ಮುಂದುವರಿಸಿದರೆ ಗೆರೆ ಉಳಿಯುತ್ತದೆ. ಆಮೇಲೆ ದಿನಗಟ್ಟಲೆ ನೀರು ಕಟ್ಟಿ ಹದಗೊಳಿಸಬೇಕು. ಆ ಕೈಚಳಕದ ಮೇಸ್ತ್ರಿಗಳು ಈಗ ಬಹಳ ಕಡಿಮೆ. ಒಡೆದರೆ ಅದೇ ನೆಲ ಮತ್ತೆ ಬರುವುದಿಲ್ಲ. ಆದರೆ ಅದು ಹುಳಿಗೆ ಹೆದರುತ್ತದೆ: ನಿಂಬೆರಸವೋ ಹುಣಸೆ ನೀರೋ ಬಿದ್ದರೆ ಸಿಮೆಂಟನ್ನು ತಿಂದು ಕಲೆ ಮಾಡುತ್ತದೆ. ಐವತ್ತು ವರ್ಷ ಸಾರು ಕುದಿದ ಅಡುಗೆಮನೆಯ ನೆಲ ಪೂರ್ತಿ ಕಲೆಗಟ್ಟಿ, ಅಲ್ಲಲ್ಲಿ ಎದ್ದಿತ್ತು. ಹಜಾರದಲ್ಲಿ ಹೊಸ್ತಿಲಿನಿಂದ ನಡುವಿನವರೆಗೆ ಕೂದಲೆಳೆಯಂಥ ಒಂದು ಬಿರುಕು ಬಿಟ್ಟರೆ ನೆಲ ಗಟ್ಟಿಯಾಗಿತ್ತು.

ಹೀಗಾಗಿ ಹಜಾರ, ಜಗಲಿ, ದೇವರ ಮನೆ ಮತ್ತು ಸಣ್ಣ ಕೋಣೆಯಲ್ಲಿ ಗಾರೆ ನೆಲ ಉಳಿಯಿತು. ಅಡುಗೆಮನೆ, ಬಚ್ಚಲು ಮತ್ತು ತಾಯಿಯವರ ಕೋಣೆಗೆ ಟೈಲ್ಸ್. ತಾಯಿಯವರ ಕೋಣೆಯ ನೆಲ ಹೇಗಿರಬೇಕೆಂಬುದು ತಾಯಿಯವರದೇ ಮಾತಾಗಬೇಕು; ಅದನ್ನು ಮಗಳ ಸಂಗ್ರಹಕ್ಕೆ ಹೊಂದಿಸುವ ಹಕ್ಕು ನನಗಿಲ್ಲ. ನಾನು ಪಟ್ಟು ಹಿಡಿದದ್ದು ಒಂದರಲ್ಲಿ ಮಾತ್ರ: ಹೊಳಪಿನದು ಬೇಡ, ಮಂದ ಮೇಲ್ಮೈಯದಿರಲಿ. ನುಣುಪಿನ ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರುವುದಿಲ್ಲ, ಶೇಕಡ ಅರ್ಧಕ್ಕೂ ಕಡಿಮೆ. ಮೇಲೆ ನಿಂತ ನೀರಿನಲ್ಲಿ ಕಾಲು ಜಾರುತ್ತದೆ. ಎಪ್ಪತ್ತು ದಾಟಿದವರು ಜಾರಿ ಬಿದ್ದರೆ ಸೊಂಟದ ಮೂಳೆಗೆ ಅಪಾಯ. ಅವರು ದಂತದ ಬಣ್ಣದ, ತೆಳುವಾದ ಗೆರೆಗಳಿರುವುದನ್ನು ಆರಿಸಿದರು, ಸಂತೋಷದಿಂದಲೇ. ಹಳೆಯ ನೆಲದ ಮೇಲೆಯೇ ಟೈಲ್ಸ್ ಅಂಟಿಸಿದರೆ ಒಂದೆರಡು ಸೆಂಟಿಮೀಟರು ಎತ್ತರವಾಗಿ ಬಾಗಿಲ ಬಳಿ ಎಡವುವ ತಿಟ್ಟಾಗುತ್ತದೆ. ಆದ್ದರಿಂದ ಆ ಮೂರು ಕಡೆ ನೆಲವನ್ನು ಅಗೆದೇ ಹಾಸಿದೆವು, ಎರಡು ನೆಲಗಳು ಹೊಸ್ತಿಲಿನ ಅಡಿಯಲ್ಲಿ ಸೇರುವಂತೆ.

ಕಂಬಗಳ ಆಸೆಯನ್ನು ಬಿಡಿಸಲು ಹೆಚ್ಚು ಹೊತ್ತು ಹಿಡಿಯಿತು. ಅವುಗಳ ಬೆಲೆ, ಸಾಗಣೆ, ನಿಲ್ಲಿಸಲು ನೆಲ ಕೊರೆಯುವ ಖರ್ಚು ಎಲ್ಲವನ್ನೂ ಬರೆದು, ಪಕ್ಕದಲ್ಲಿ ಮನೆಯ ವೈರಿಂಗ್ ಸ್ಥಿತಿಯನ್ನು ಬರೆದಿಟ್ಟೆ. 1974ರ ತಂತಿಗಳು, ಅರ್ಧ ಮನೆಗೆ ಅರ್ಥಿಂಗ್ ಇಲ್ಲ, ಸಣ್ಣ ಕೋಣೆಯ ತಾರಸಿಯಲ್ಲಿ ಸೋರಿಕೆ. ಅಲಂಕಾರದ ಹಣವನ್ನು ಮೊದಲು ಎತ್ತಿಟ್ಟು ತಂತಿಗೆ ಉಳಿದದ್ದನ್ನು ಕೊಡುವ ಕ್ರಮ ನಮ್ಮಲ್ಲಿ ಬೇರೂರಿದೆ. ಅದರ ವಿರುದ್ಧ ನಾನು ಪ್ರತಿ ಮನೆಯಲ್ಲೂ ಜಗಳವಾಡುತ್ತೇನೆ, ಇಲ್ಲಿಯೂ ಆಡಿದೆ. ಕಂಬದ ಹಣ ಗೋಡೆಯೊಳಗಿನ ಹೊಸ ತಂತಿಗೆ ಹೋಯಿತು. ಯಾರ ಫೋಟೋದಲ್ಲೂ ಅದು ಬರುವುದಿಲ್ಲ.

ಫ್ಲೂಟೆಡ್ ಪ್ಯಾನೆಲ್ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಈಗ ಅದಿಲ್ಲದ ಮನೆಯೇ ಅಪರೂಪ. ಅದು ಇಷ್ಟು ಹರಡಿದ್ದಕ್ಕೆ ಅಂದವೊಂದೇ ಕಾರಣವಲ್ಲ. ಉದ್ದದ ಪಟ್ಟಿಗಳಾಗಿ ಸಿದ್ಧವಾಗಿ ಬರುತ್ತದೆ, ಅಂಟಿನಿಂದ ಗೋಡೆಗೆ ಹಚ್ಚಬಹುದು, ಬಡಗಿಗೆ ಹೊಸದೇನೂ ಕಲಿಯಬೇಕಿಲ್ಲ, ಒಂದೇ ದಿನದಲ್ಲಿ ಗೋಡೆ ಬದಲಾದಂತೆ ಕಾಣುತ್ತದೆ. ಅಂಗಡಿಯವನು ಖರ್ಚಾಗುವುದನ್ನು ತರಿಸುತ್ತಾನೆ, ಅಂಗಡಿಯಲ್ಲಿರುವುದನ್ನು ವಿನ್ಯಾಸಕರು ಬರೆಯುತ್ತಾರೆ, ಬರೆದದ್ದನ್ನು ಬಡಗಿ ಮಾಡುತ್ತಾನೆ, ಮಾಡಿದ್ದರ ಚಿತ್ರವನ್ನು ಮುಂದಿನ ಗಿರಾಕಿ ತೋರಿಸುತ್ತಾರೆ. ಎಂಬತ್ತು–ತೊಂಬತ್ತರ ದಶಕದ ಕಮಾನು, ಆಮೇಲಿನ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹೂಬಳ್ಳಿ, ಅದರಾಚೆಯ ಒಂದು ಗೋಡೆಗೆ ಮಾತ್ರ ಗಾಢ ಬಣ್ಣ, ಎಲ್ಲವೂ ಹೀಗೆಯೇ ಊರು ತುಂಬಿದವು. ಈ ಮನೆಯ ಸೂರ್ಯಕಿರಣದ ಗ್ರಿಲ್ ಕೂಡ ಆ ಬೀದಿಯಲ್ಲಿ ಒಂದೊಮ್ಮೆ ಮನೆಗೊಂದಿತ್ತು. ಎಲ್ಲರಲ್ಲೂ ಇದೆ ಎಂಬ ಒಂದೇ ಕಾರಣಕ್ಕೆ ನಾನು ಯಾವುದನ್ನೂ ತಳ್ಳಿಹಾಕುವುದಿಲ್ಲ. ಇಲ್ಲಿ ಪ್ಯಾನೆಲ್ ಬೇಡವೆಂದದ್ದಕ್ಕೆ ಎರಡು ಕಾರಣಗಳಿದ್ದವು: ಆ ಗೋಡೆ ಬೊಂಬೆಗೆ ಬೇಕಿತ್ತು, ಮತ್ತು ಮಳೆಗಾಲದಲ್ಲಿ ಅದರ ಬುಡದಲ್ಲಿ ತೇವ ಏರುತ್ತಿತ್ತು. ತೇವದ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೂಸ್ಟು ಬೆಳೆಯುತ್ತದೆ, ಹೊರಗೆ ವಾಸನೆ ಬರುವವರೆಗೆ ಯಾರಿಗೂ ತಿಳಿಯುವುದಿಲ್ಲ. ಗಿಲಾವನ್ನು ಮೂರಡಿಯವರೆಗೆ ಕೆತ್ತಿ, ತೇವ ತಡೆದು, ಹೊಸದಾಗಿ ಬಳಿದೆವು. ಟಿವಿ ಪಕ್ಕದ ಚಿಕ್ಕ ಗೋಡೆಗೆ ಹೋಯಿತು. ಷೋಕೇಸು ಅಲ್ಲೇ ಉಳಿಯಿತು. ಹೊಸ ಗಾಜು, ಧೂಳು ತಡೆಯಲು ಅಂಚಿಗೆ ಬ್ರಷ್ ಪಟ್ಟಿ, ಒಳಗೊಂದು ಸಣ್ಣ ದೀಪ.

ಬೆಳಕಿನ ವಿಷಯದಲ್ಲಿ ತಾಯಿಯವರ ಮಾತೇ ಸರಿಯಾಗಿತ್ತು. ಫಾಲ್ಸ್ ಸೀಲಿಂಗ್ ಅಂಚಿನಿಂದ ಇಣುಕುವ ಮಂದ ಹಳದಿ ಬೆಳಕು ಇಂದಿನ ರೂಢಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. ಅದೇ ಅಕ್ಷರವನ್ನು ಓದಲು ಹೆಚ್ಚು ಬೆಳಕು ಬೇಕು. ಅವರು ಜೋರು ಬೆಳಕು ಕೇಳಿದ್ದು ಅದಕ್ಕೇ. ಫಾಲ್ಸ್ ಸೀಲಿಂಗ್ ಕೈಬಿಟ್ಟೆವು. ಕಿಟಕಿಯ ಕುರ್ಚಿಯ ಮೇಲೆ ಮತ್ತು ಅಡುಗೆ ಕಟ್ಟೆಯ ಮೇಲೆ ಬಿಳಿ ಬೆಳಕಿನ 4000 ಕೆಲ್ವಿನ್‌ನ ದೀಪ, ಹಜಾರದ ಉಳಿದ ಭಾಗಕ್ಕೆ ಮಗಳಿಗೆ ಹಿಡಿಸುವ ಹಳದಿ ಛಾಯೆಯ 3000 ಕೆಲ್ವಿನ್‌ನದು, ಬೇರೆ ಬೇರೆ ಸ್ವಿಚ್ಚು. ಅಡುಗೆಮನೆಯ ಕಪಾಟು ಅವರು ಕೇಳಿದ ಕೆಂಪಿನಲ್ಲೇ ಬಂತು. ನಾನಾಗಿದ್ದರೆ ಆ ಬಣ್ಣವನ್ನು ಆರಿಸುತ್ತಿರಲಿಲ್ಲ, ಆದರೆ ಆ ಅಡುಗೆಮನೆಯಲ್ಲಿ ನಿಲ್ಲುವವಳು ನಾನಲ್ಲ.

ಒಂದು ದಸರೆ ಕಳೆದ ಮೇಲೆ

ನವರಾತ್ರಿ ಮುಗಿದ ಮೇಲೆ ಹೋಗಿ ನೋಡಿದೆ. ಬೊಂಬೆಯ ಗೋಡೆ ತನ್ನ ಕೆಲಸ ಮಾಡಿತ್ತು. ಬೀದಿಯ ಮಕ್ಕಳು ಹಜಾರದಲ್ಲಿ ಸಾಲಾಗಿ ಕೂರಲು ಜಾಗ ಸಾಕಾಯಿತಂತೆ. ಜಗಲಿಯ ಕಟ್ಟೆಯನ್ನು ಈಗ ಮೊಮ್ಮಗ ಹೋಮ್‌ವರ್ಕಿಗೆ ಹಿಡಿದುಕೊಂಡಿದ್ದಾನೆ. ನೆಲ ಒರೆಸುವುದಕ್ಕೆ ಉದ್ದ ಹಿಡಿಯ ಮಾಪ್ ಬಂದಿದೆ, ಮೇಣ ಹಚ್ಚುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ. ನೆಲ ಬೇಕೆಂದವಳು ಅದರ ದುಡಿಮೆಯನ್ನೂ ಹೊರಬೇಕೆಂಬುದು ತಾಯಿಯವರು ಹಾಕಿದ ಷರತ್ತು. ನನಗೆ ಅದು ಪೂರ್ತಿ ನ್ಯಾಯವೆನಿಸಿತು.

ಎಲ್ಲವೂ ಸರಿಹೋಗಿದೆ ಎನ್ನುವಂತಿಲ್ಲ. ಮಂದ ಮೇಲ್ಮೈಯ ಟೈಲ್ಸಿನ ಸಣ್ಣ ಕುಳಿಗಳಲ್ಲಿ ಕೊಳೆ ಹಿಡಿಯುತ್ತದೆಂದು ತಾಯಿಯವರು ದೂರಿದರು, ಅದು ನಿಜ. ವಾರಕ್ಕೊಮ್ಮೆ ಬ್ರಷ್ ಹಾಕಬೇಕಾಗುತ್ತದೆ. ಹಜಾರದ ಬಿರುಕಿಗೆ ತುಂಬಿದ ಕೆಂಪು ಹಳೆಯದಕ್ಕಿಂತ ಗಾಢವಾಗಿ ನಿಂತಿದೆ. ಒಂದೇ ಮನೆಯಲ್ಲಿ ಎರಡು ನೆಲ ಎಂಬುದು ಮಗಳಿಗೆ ಇನ್ನೂ ಕಣ್ಣಿಗೆ ಚುಚ್ಚುತ್ತದೆ. ಬಾಗಿಲ ಬಳಿ ಅವಳೇ ಒಂದು ಉರುಳಿ ತಂದಿಟ್ಟಿದ್ದಳು. ಹಿತ್ತಲಿನ ನಂದಿಬಟ್ಟಲನ್ನು ದಿನವೂ ಬೆಳಿಗ್ಗೆ ಕೊಯ್ದು ಅದರಲ್ಲಿ ಬಿಡುತ್ತಾಳೆ, ನೀರನ್ನು ಗಿಡಕ್ಕೆ ಸುರಿಯುತ್ತಾಳೆ. ಅದನ್ನು ತೆಗೆಯಿರಿ ಎನ್ನಲು ನನಗೆ ಯಾವ ಕಾರಣವೂ ಕಾಣಲಿಲ್ಲ.

ಬರುವ ವರ್ಷ ಮಹಡಿ ಕಟ್ಟುವ ಯೋಚನೆ ಇದೆ. ಅಲ್ಲಿ ಹಳೆಯ ನೆಲವೂ ಇಲ್ಲ, ಷೋಕೇಸೂ ಇಲ್ಲ. ಇರುವವರು ಮಗಳು, ಅಳಿಯ, ಹುಡುಗ. ಕಂಬದ ಮಾತು ಆಗಲೇ ಮತ್ತೆ ಬಂದಿದೆ. ಮೇಲೆ ಸೂರು ಹೊರುವ ಒಂದು ಪಡಸಾಲೆಯನ್ನೇ ಕಟ್ಟಿಸುವುದಾದರೆ ಕಂಬಕ್ಕೆ ಕೆಲಸ ಸಿಗುತ್ತದೆ, ಆಗ ಮರ ಯಾವುದು, ಭಾರ ಎಷ್ಟು ಎಂದು ಕೂತು ಲೆಕ್ಕ ಹಾಕೋಣ ಎಂದಿದ್ದೇನೆ. ನಕ್ಷೆ ಇನ್ನೂ ಶುರುವಾಗಿಲ್ಲ.